ದೀಪವಿಲ್ಲದ ಸೈಕಲ್

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಸಾಹಿತ್ಯ ಓದಿದವನಲ್ಲ. ಧಾರವಾಡದಲ್ಲಿ ಎಂ.ಕಾಂ. ಮಾಡಿ, ಬ್ಯಾಂಕು ಸೇರಿ, ಲೆಡ್ಜರು, ವೋಚರು, ಬ್ಯಾಲೆನ್ಸ್ ಶೀಟುಗಳ ನಡುವೆಯೇ ಆಯುಷ್ಯ ಸವೆಸಿ 2019ರಲ್ಲಿ ನಿವೃತ್ತನಾದವನು. ಪುಸ್ತಕ ಓದುವ ಚಟ ಮಾತ್ರ ಇತ್ತು, ಇನ್ನೂ ಇದೆ. ಹಾಗಾಗಿ ಇದನ್ನು ವಿಮರ್ಶೆ ಎಂದು ಕರೆಯಲು ಸ್ವಲ್ಪ ಸಂಕೋಚ. ಆಡಿಟ್ ರಿಪೋರ್ಟ್ ಅಂದರೂ ನಡೆದೀತು. ಲೆಕ್ಕ ಎಲ್ಲಿ ಕೂಡುತ್ತದೆ, ಎಲ್ಲಿ ಕೂಡುವುದಿಲ್ಲ ಎಂದು ನೋಡುವುದಷ್ಟೇ ನನಗೆ ಗೊತ್ತಿರುವ ಕೆಲಸ.

ಆಡಿಟ್ಟಿಗೆ ತೆಗೆದುಕೊಂಡಿರುವುದು ಎಚ್. ಜಿ. ವೆಲ್ಸ್ 1896ರಲ್ಲಿ ಪ್ರಕಟಿಸಿದ 'ದ ವ್ಹೀಲ್ಸ್ ಆಫ್ ಚಾನ್ಸ್' ಎಂಬ ಚಿಕ್ಕ ಕಾದಂಬರಿಯನ್ನು. ವೆಲ್ಸ್ ಎಂದರೆ ನಮಗೆಲ್ಲ ನೆನಪಾಗುವುದು ಕಾಲಯಂತ್ರ, ಮಂಗಳ ಗ್ರಹದವರ ದಾಳಿ, ಕಣ್ಣಿಗೆ ಕಾಣದ ಮನುಷ್ಯ. ಅದೇ ವೆಲ್ಸ್ ಅದೇ ವರ್ಷಗಳಲ್ಲಿ ಒಬ್ಬ ಬಟ್ಟೆ ಅಂಗಡಿಯ ಗುಮಾಸ್ತ, ಒಂದು ಹಳೆಯ ಸೈಕಲ್, ಒಬ್ಬ ಹುಡುಗಿ ಇಷ್ಟನ್ನೇ ಇಟ್ಟುಕೊಂಡು ಒಂದು ಕಥೆ ಬರೆದಿದ್ದಾನೆ ಎಂಬುದು ನನಗೆ ಅರವತ್ತು ವರ್ಷವಾಗುವ ತನಕ ಗೊತ್ತಿರಲಿಲ್ಲ. ನಿವೃತ್ತಿಯಾದ ಹೊಸತರಲ್ಲಿ, ಪುಣೆಯ ಅಪ್ಪಾ ಬಳವಂತ ಚೌಕದ ಹಳೆ ಪುಸ್ತಕದವನ ಬಳಿ ಇದು ಸಿಕ್ಕಿತು. ಮುಖಪುಟದಲ್ಲಿ ಸೈಕಲ್ಲಿನ ಚಿತ್ರ ಇತ್ತು ಅಂತ ಕೊಂಡೆ. ಸೈಕಲ್ಲಿಗೂ ನನಗೂ ಇರುವ ಹಳೆಯ ಲೆಕ್ಕ ಏನು ಎಂಬುದನ್ನು ಮುಂದೆ ಹೇಳುತ್ತೇನೆ.

ಕಥಾನಾಯಕ ಹೂಪ್‌ಡ್ರೈವರ್. ಲಂಡನ್ನಿನ ಪಟ್ನಿ ಎಂಬಲ್ಲಿ ಬಟ್ಟೆ ಅಂಗಡಿಯೊಂದರ ಕೌಂಟರಿನ ಹಿಂದೆ ನಿಂತು ಗಿರಾಕಿಗಳಿಗೆ ಬಗ್ಗಿ ನಮಸ್ಕರಿಸುತ್ತ, ಕೈ ಉಜ್ಜಿಕೊಳ್ಳುತ್ತ, ಥಾನು ಬಿಚ್ಚಿ ತೋರಿಸುವವನು. ಆ ಕಾಲದ ಇಂಗ್ಲೆಂಡಿನಲ್ಲಿ ಇಂಥ ಅಂಗಡಿಗಳ ಕೆಲಸಗಾರರು ಅಂಗಡಿಯವರೇ ಕೊಟ್ಟ ಕೋಣೆಗಳಲ್ಲಿ ಸಾಲಾಗಿ ಮಲಗಬೇಕು, ಅವರು ಹಾಕಿದ್ದನ್ನು ಉಣ್ಣಬೇಕು, ತಪ್ಪು ಮಾಡಿದರೆ ದಂಡ ಕಟ್ಟಬೇಕು. ವೆಲ್ಸ್‌ಗೆ ಇದು ಕೇಳಿದ ಸಂಗತಿಯಲ್ಲ, ಉಂಡ ಸಂಗತಿ. 1881ರಿಂದ 1883ರ ತನಕ ಸೌತ್‌ಸೀ ಎಂಬ ಊರಿನ ಬಟ್ಟೆ ಅಂಗಡಿಯಲ್ಲಿ ಅವನು ಉಮೇದುವಾರನಾಗಿದ್ದ. ಅಲ್ಲಿಂದ ತಪ್ಪಿಸಿಕೊಂಡು ಬಂದದ್ದೇ ತನ್ನ ಪುನರ್ಜನ್ಮ ಎಂಬಂತೆ ಬದುಕಿದವನು. 1905ರ 'ಕಿಪ್ಸ್' ಕಾದಂಬರಿಯಲ್ಲೂ ಅದೇ ಕೌಂಟರು ಮತ್ತೆ ಬರುತ್ತದೆ.

ಈ ಪುಸ್ತಕದ ಮೊದಲ ಅಧ್ಯಾಯ ನನ್ನಂಥವನಿಗೆ ಹೇಳಿ ಮಾಡಿಸಿದ ಹಾಗಿದೆ. ಲೇಖಕ ನಾಯಕನ ಮುಖ ವರ್ಣಿಸುವುದಿಲ್ಲ, ಕಾಲು ವರ್ಣಿಸುತ್ತಾನೆ! ಮೊಣಕಾಲ ಕೆಳಗೆ ಇಲ್ಲಿ ಒಂದು ತರಚು ಗಾಯ, ಅಲ್ಲಿ ಒಂದು ಬಾವು, ಇನ್ನೊಂದು ಕಡೆ ಕಂದಿದ ಗುರುತು. ಒಳ್ಳೆಯ ಇನ್ಸ್‌ಪೆಕ್ಟರ್ ವೋಚರುಗಳನ್ನು ಒಂದೊಂದಾಗಿ ತಿರುವಿ ಹಾಕುವ ಹಾಗೆ, ಗಾಯಗಳನ್ನು ಒಂದೊಂದಾಗಿ ತೋರಿಸಿ, ಇವೆಲ್ಲ ಏನು ಹೇಳುತ್ತವೆ ಅಂತ ನಮ್ಮನ್ನು ಕೇಳುತ್ತಾನೆ. ಆಮೇಲೆ ಉತ್ತರ ಕೊಡುತ್ತಾನೆ: ರಾತ್ರಿ ಹೊತ್ತಿನ ಒಂದು ರಸ್ತೆ, ಮಬ್ಬಿನಲ್ಲಿ ಇಬ್ಬರು, ನಡುವೆ ಮಾತು ಕೇಳದ ಒಂದು ಸೈಕಲ್. ಒಬ್ಬ ಕೂಗುತ್ತಾನೆ, ಇನ್ನೊಬ್ಬ ಓಲಾಡಿ ಬೀಳುತ್ತಾನೆ. ಹಗಲೆಲ್ಲ ಅಂಗಡಿ. ಹಾಗಾಗಿ ಸೈಕಲ್ ಕಲಿಯಲು ರಾತ್ರಿಯೇ ಗತಿ. ದುಡಿಯುವವನಿಗೆ ತನ್ನದು ಅಂತ ಇರುವ ಹೊತ್ತು ಕತ್ತಲಿನದು ಮಾತ್ರ ಎಂಬುದನ್ನು ವೆಲ್ಸ್ ಒಂದು ಮಾತೂ ಭಾಷಣ ಮಾಡದೆ ಹೇಳಿ ಮುಗಿಸುತ್ತಾನೆ. ಊರು ಬಿಟ್ಟು ಬಂದು ನಾಲ್ಕು ಜನ ಒಂದೇ ಖೋಲಿಯಲ್ಲಿ ಮಲಗಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ.

ಕಾಲಮಾನವನ್ನೂ ನೋಡಬೇಕು. ಎರಡೂ ಗಾಲಿ ಸರಿಸಮ ಇರುವ, ಚೈನು ಇರುವ, ಇವತ್ತಿನ ಸೈಕಲ್ಲಿನ ಅಜ್ಜ ಅನ್ನಬಹುದಾದ ಸ್ಟಾರ್ಲಿಯ 'ರೋವರ್' ಬಂದದ್ದು 1885ರಲ್ಲಿ. ಡನ್‌ಲಪ್ ಗಾಳಿ ತುಂಬಿದ ಟೈರು ಮಾಡಿದ್ದು 1888ರಲ್ಲಿ. ಅದಕ್ಕೆ ಮುಂಚೆ ಎತ್ತರದ ಒಂದು ದೊಡ್ಡ ಗಾಲಿಯ ಮೇಲೆ ಕೂಡುವುದು ಶ್ರೀಮಂತರ ಮನೆಯ ಗಟ್ಟಿ ಹುಡುಗರ ಸಾಹಸವಾಗಿತ್ತು. ಹತ್ತು ವರ್ಷದೊಳಗೆ ಅದು ಗುಮಾಸ್ತರ ಕೈಗೆ ಬಂತು, ಹೆಣ್ಣುಮಕ್ಕಳ ಕೈಗೂ ಬಂತು. ಈ ಕಾದಂಬರಿ ಬಂದ 1896ರಲ್ಲೇ ಅಮೆರಿಕದ ಸೂಸನ್ ಬಿ. ಆ್ಯಂಟನಿ, ಹೆಣ್ಣುಮಕ್ಕಳ ಬಿಡುಗಡೆಗೆ ಸೈಕಲ್ ಮಾಡಿದಷ್ಟು ಉಪಕಾರ ಬೇರೆ ಯಾವುದೂ ಮಾಡಿಲ್ಲ ಎಂಬ ಅರ್ಥದ ಮಾತನ್ನು ಪತ್ರಿಕೆಯೊಂದರ ಸಂದರ್ಶನದಲ್ಲಿ ಆಡಿದ್ದರು. ಗುಮಾಸ್ತನೂ ಒಳ್ಳೆಯ ಮನೆತನದ ಹುಡುಗಿಯೂ ಒಂದೇ ರಸ್ತೆಯ ಮೇಲೆ, ಒಂದೇ ಎತ್ತರದಲ್ಲಿ, ಒಂದೇ ವೇಗದಲ್ಲಿ ಎದುರಾಗುವುದು ಅದಕ್ಕಿಂತ ಮೊದಲು ಸಾಧ್ಯವೇ ಇರಲಿಲ್ಲ. ಅವಳು ಗಿರಾಕಿ, ಇವನು ಕೌಂಟರಿನ ಹಿಂದಿನವನು. ನಡುವೆ ಕಟ್ಟಿಗೆಯ ಹಲಗೆ. ಸೈಕಲ್ ಆ ಹಲಗೆ ತೆಗೆದುಹಾಕಿತು.

ಹೂಪ್‌ಡ್ರೈವರ್‌ಗೆ ವರ್ಷಕ್ಕೊಮ್ಮೆ ಹತ್ತು ದಿನ ರಜೆ. ಹಳೆಯ, ಭಾರವಾದ ಸೈಕಲ್ ಹತ್ತಿ, ಹೊಸದಾಗಿ ಹೊಲಿಸಿದ ಕಂದು ಬಣ್ಣದ ಸೂಟು ಹಾಕಿಕೊಂಡು ಸಮುದ್ರದ ದಿಕ್ಕಿಗೆ ಹೊರಡುತ್ತಾನೆ. ದಾರಿಯಲ್ಲಿ ಬೂದುಬಣ್ಣದ ಉಡುಪಿನ ಹುಡುಗಿಯೊಬ್ಬಳು ಸೈಕಲ್ ಮೇಲೆ ಬರುತ್ತಾಳೆ. ಇವನು ಗಾಬರಿಯಾಗಿ ಬೀಳುತ್ತಾನೆ. ಅವಳ ಹೆಸರು ಜೆಸ್ಸಿ. ಹದಿನೇಳು ಹದಿನೆಂಟರ ಹುಡುಗಿ. ಮಲತಾಯಿ ಕಾದಂಬರಿಗಾರ್ತಿ, ಸ್ವಾತಂತ್ರ್ಯದ ಬಗ್ಗೆ ಬರೆದು ಹೆಸರು ಮಾಡಿದವಳು. ಮಗಳು ಅದನ್ನು ನಿಜವೆಂದು ನಂಬಿ ಮನೆ ಬಿಟ್ಟಿದ್ದಾಳೆ. ಜೊತೆಗೆ ಬೆಶಾಮೆಲ್ ಎಂಬ ಮದುವೆಯಾದ ಕಲಾವಿಮರ್ಶಕ. ಸಹಾಯ ಮಾಡುತ್ತೇನೆಂದು ಕರೆತಂದು ಅವಳನ್ನು ಸಂಕಟದಲ್ಲಿ ಸಿಕ್ಕಿಸುವುದು ಅವನ ಹಂಚಿಕೆ. ಬಾಗ್ನರ್ ಎಂಬ ಕಡಲೂರಿನಲ್ಲಿ ರಾತ್ರಿ, ಅವಳಿಗೆ ಅವನ ನಿಜಬಣ್ಣ ತಿಳಿಯುತ್ತದೆ. ಹಿಂಬಾಲಿಸಿಕೊಂಡು ಬಂದಿದ್ದ ಹೂಪ್‌ಡ್ರೈವರ್ ಅವಳನ್ನು ಅಲ್ಲಿಂದ ಪಾರು ಮಾಡುತ್ತಾನೆ. ಅವಸರದಲ್ಲಿ ತನ್ನ ಡಕೋಟಾ ಸೈಕಲ್ ಬಿಟ್ಟು ಬೆಶಾಮೆಲ್‌ನ ಒಳ್ಳೆಯ ಸೈಕಲ್ ಹತ್ತಿಬಿಡುತ್ತಾನೆ! ಬೆಳದಿಂಗಳಲ್ಲಿ ಇಬ್ಬರೂ ಅಪರಿಚಿತ ರಸ್ತೆಗಳಲ್ಲಿ ಓಡುತ್ತಾರೆ. ಪುಸ್ತಕದ ಅತ್ಯಂತ ಚೆಲುವಾದ ಪುಟಗಳು ಇವು.

ರಾತ್ರಿ, ಸೈಕಲ್, ಅವಘಡ, ಆಮೇಲೆ ಪ್ರೇಮ. ಇಷ್ಟೇ ಆಗಿದ್ದರೆ ಇದರ ಬಗ್ಗೆ ನಾನು ಬರೆಯುತ್ತಿರಲಿಲ್ಲ. ಇಂಥ ದೃಶ್ಯ ಸಿನೆಮಾದವರು ನಮಗೆ ಬೇಕಾದಷ್ಟು ಕೊಟ್ಟಿದ್ದಾರೆ. 1957ರ 'ಪೇಯಿಂಗ್ ಗೆಸ್ಟ್'ನಲ್ಲಿ ದೇವ್ ಆನಂದ್ ಸೈಕಲ್ ಮೇಲೆ ಹಾಡುತ್ತ ನೂತನ್ ಬೆನ್ನು ಹತ್ತುತ್ತಾನೆ. 1968ರ 'ಪಡೋಸನ್'ನಲ್ಲಿ ಸಾಯಿರಾ ಬಾನು ಗೆಳತಿಯರ ಜೊತೆ ಸೈಕಲ್ ಮೇಲೆ ಹಾಡುತ್ತ ಹೋಗುತ್ತಾಳೆ. ಚೆಂದವೇ. ಆದರೆ ಅದು ಹಗಲು, ಅಲ್ಲಿ ಯಾರ ಮೊಣಕಾಲೂ ತರಚುವುದಿಲ್ಲ, ಯಾರ ಸಂಬಳವೂ ಎಷ್ಟೆಂದು ಯಾರೂ ಕೇಳುವುದಿಲ್ಲ. ಸಾಮರ್‌ಸೆಟ್ ಮಾಮ್‌ನ 1930ರ 'ಕೇಕ್ಸ್ ಆ್ಯಂಡ್ ಏಲ್'ನಲ್ಲಿ ಹುಡುಗನೊಬ್ಬ ಸೈಕಲ್ ಕಲಿಯುವಾಗ ರೋಸಿ ಎಂಬ ಹೆಂಗಸಿನ ಪರಿಚಯವಾಗುತ್ತದೆ. ಅಲ್ಲಿ ಮಾಮ್ ಊರಿನವರ ದೊಡ್ಡಸ್ತಿಕೆಯನ್ನು ಗೇಲಿ ಮಾಡುತ್ತಾನೆ, ಚೆನ್ನಾಗಿಯೇ ಮಾಡುತ್ತಾನೆ. ಆದರೆ ಆ ಹುಡುಗ ಪಾದ್ರಿಯ ಮನೆಯವನು. ಬಿದ್ದರೆ ಎತ್ತಲು ಮನೆಯಿದೆ. ಹೂಪ್‌ಡ್ರೈವರ್‌ಗೆ ಏನೂ ಇಲ್ಲ. ಅವನ ಹತ್ತಿರ ಇರುವುದು ಒಂದೇ, ಯಾರಿಗೂ ತನ್ನ ಪರಿಚಯವಿಲ್ಲ ಎಂಬ ಅನುಕೂಲ.

ಕಾದಂಬರಿಯ ಜೀವ ಇರುವುದು ಇಲ್ಲಿ. ಪರಸ್ಥಳದಲ್ಲಿ ಹೂಪ್‌ಡ್ರೈವರ್ ಸುಳ್ಳು ಹೇಳತೊಡಗುತ್ತಾನೆ. ಬೆಶಾಮೆಲ್‌ನ ಮುಂದೆ ತಾನು ಪತ್ತೇದಾರ ಎಂಬ ಸೋಗು. ಜೆಸ್ಸಿಯ ಮುಂದೆ ಹೆಸರು ಬೇರೆ, ಹುಟ್ಟು ಬೇರೆ: ತಾನು ದಕ್ಷಿಣ ಆಫ್ರಿಕಾದಿಂದ ಬಂದವನು, ಅಲ್ಲಿ ಉಷ್ಟ್ರಪಕ್ಷಿಗಳ ಸಾಕಣೆ, ಸಿಂಹಗಳ ಹಾವಳಿ, ಇತ್ಯಾದಿ. ಪಟ್ನಿಯಿಂದ ನೂರು ಮೈಲು ದಾಟದವನು ವಿದೇಶದಲ್ಲಿ ಬೆಳೆದವನಾಗಿಬಿಟ್ಟ! ವೆಲ್ಸ್ ಇಲ್ಲಿ ನಮ್ಮನ್ನು ನಗಿಸುತ್ತಾನೆ. ಆದರೆ ನಗುವಿನ ಕೆಳಗೆ ಒಂದು ಲೆಕ್ಕ ಇದೆ. ತನ್ನ ಊರಿನಲ್ಲಿ, ತನ್ನ ಅಂಗಡಿಯಲ್ಲಿ ಮನುಷ್ಯನ ಖಾತೆಯನ್ನು ಬೇರೆಯವರು ಬರೆದಿಟ್ಟಿರುತ್ತಾರೆ. ಇವನು ಇಂಥವನ ಮಗ, ಇಂಥ ಕೆಲಸದವನು, ಇಷ್ಟು ಯೋಗ್ಯತೆಯವನು. ಗೊತ್ತಿಲ್ಲದ ಊರಿನಲ್ಲಿ ಮಾತ್ರ ಹೊಸ ಖಾತೆ ತೆರೆಯಬಹುದು. ಆರಂಭದ ಶಿಲ್ಕು ನಾವು ಹೇಳಿದಷ್ಟು. ಅಂಥ ಅವಕಾಶ ಸಿಕ್ಕಾಗ ಇದ್ದುದನ್ನು ಇದ್ದ ಹಾಗೆ ಬರೆಯುವವರು ಎಷ್ಟು ಜನ?

ಈಗ ನನ್ನ ಲೆಕ್ಕಕ್ಕೆ ಬರುತ್ತೇನೆ. 1985ರ ಆಗಸ್ಟ್. ನಾನು ಪುಣೆಗೆ ಬಂದು ಒಂದು ವರ್ಷವಾಗಿತ್ತು. ನಾರಾಯಣ ಪೇಟೆಯ ಒಂದು ವಾಡೆಯಲ್ಲಿ ನಾಲ್ಕು ಜನರ ಖೋಲಿ. ಆಗ ಪುಣೆ ಎಂದರೆ ಸೈಕಲ್ಲುಗಳ ಊರು. ಬೆಳಿಗ್ಗೆ ಲಕ್ಷ್ಮೀ ರಸ್ತೆಯಲ್ಲಿ ಗಂಟೆಗಳದ್ದೇ ಸದ್ದು. ನಾಗಪುರಕ್ಕೆ ವರ್ಗವಾದ ಸಹೋದ್ಯೋಗಿಯೊಬ್ಬನ ಸೈಕಲ್ಲನ್ನು ಅಗ್ಗಕ್ಕೆ ಕೊಂಡಿದ್ದೆ. ಡೈನಮೋ ಇರಲಿಲ್ಲ, ದೀಪವೂ ಇರಲಿಲ್ಲ. ರಾತ್ರಿ ದೀಪವಿಲ್ಲದೆ ಹೋದರೆ ಪೊಲೀಸರು ಹಿಡಿಯುತ್ತಿದ್ದರು. ಅವರು ಯಾವ ಚೌಕದಲ್ಲಿ ನಿಲ್ಲುತ್ತಾರೆಂದು ನನಗೆ ಗೊತ್ತಿದ್ದ ಕಾರಣ ದೀಪದ ಖರ್ಚು ಉಳಿಸಿದ್ದೆ. ಡೆಕ್ಕನ್ ಕಡೆ ಖಾನಾವಳಿಯಲ್ಲಿ ಊಟ ಮುಗಿಸಿ ಬರುತ್ತಿದ್ದೆ. ಜಿಟಿಜಿಟಿ ಮಳೆ. ಕರೆಂಟ್ ಹೋಗಿತ್ತು. ಲಕಡಿ ಪೂಲ್ ದಾಟಿ ಜೋರಾಗಿ ಬಂದವನು, ಚೈನು ಬಿಚ್ಚಿದ್ದಕ್ಕೆ ರಸ್ತೆಯ ಬದಿಗೆ ಸೈಕಲ್ ನಿಲ್ಲಿಸಿಕೊಂಡಿದ್ದ ಅಕ್ಕ-ತಮ್ಮನ ಮೇಲೆ ನೇರವಾಗಿ ಹೋಗಿ ಬಿದ್ದೆ. ಅವಳ ಸೈಕಲ್ಲಿನ ಮುಂದಿನ ಗಾಲಿ ಎಂಟರ ಆಕಾರಕ್ಕೆ ಬಂತು. ನನ್ನ ಮೊಣಕಾಲು ಸುಲಿಯಿತು.

ಅವಳು ತಮ್ಮನ ಕಡೆ ತಿರುಗಿ, ನಾನು ಮರಾಠಿಯವನೆಂದು ತಿಳಿದು, ಕನ್ನಡದಲ್ಲಿ ಅಂದಳು: "ನೋಡೋ, ಈ ಮನಷ್ಯಾಗ ದೀಪಾನೂ ಇಲ್ಲ, ಕಣ್ಣೂ ಇಲ್ಲ."

ನಾನು ಕೆಳಗೆ ಬಿದ್ದಲ್ಲಿಂದಲೇ ಅಂದೆ: "ಕಣ್ಣ ಅದಾವ್ರೀ, ದೀಪ ಅಷ್ಟ ಇಲ್ರೀ."

ಈ ಎರಡು ಸಾಲನ್ನು ನಾನು ನಲವತ್ತು ವರ್ಷದಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕನ್ನಡದವರು ನಾಲ್ಕು ಜನ ಸೇರಿದಲ್ಲಿ, ಯುಗಾದಿ, ರಾಜ್ಯೋತ್ಸವ, ಯಾರದೋ ಮುಂಜಿವೆ, ಮದುವೆ, ಎಲ್ಲ ಕಡೆ. "ಪರಊರಾಗ ಕತ್ತಲದಾಗ ಬಿದ್ದಾಗ ಕನ್ನಡ ಕೈ ಹಿಡೀತು" ಅಂತ ಮುಗಿಸುತ್ತಿದ್ದೆ. ಕೇಳಿದವರು ಚಪ್ಪಾಳೆ ಹೊಡೆಯುತ್ತಿದ್ದರು. ಅವಳು 1987ರಿಂದ ನನ್ನ ಹೆಂಡತಿ. ಆ ಚಪ್ಪಾಳೆಯ ಹೊತ್ತಿಗೆ ಅವಳು ಎದ್ದು ಚಹಾದ ಕಡೆ ನೋಡಲು ಹೋಗುತ್ತಿದ್ದಳು. ಅದನ್ನು ನಾಚಿಕೆ ಎಂದು ತಿಳಿದಿದ್ದೆ.

ಚಪ್ಪಾಳೆಯ ಆವೃತ್ತಿಯಲ್ಲಿ ನಾನು ಬಿಟ್ಟುಬಿಡುತ್ತಿದ್ದ ಭಾಗ ಒಂದಿದೆ. ಆ ರಾತ್ರಿ ಸೊಟ್ಟ ಗಾಲಿಯ ಸೈಕಲ್ ಹೆಗಲ ಮೇಲೆ ಹೊತ್ತು ಅವರ ಮನೆ ತನಕ ಹೋದೆ. ಸದಾಶಿವ ಪೇಟೆಯಲ್ಲಿ ಎರಡು ಖೋಲಿಯ ಮನೆ. ವಿಜಾಪುರ ಕಡೆಯಿಂದ ಬಂದು ನೆಲೆಸಿದವರು. ಅವರ ತಂದೆ ಕಂದೀಲು ಎತ್ತಿ ಮುಖ ನೋಡಿ, ಅರಿಷಿಣ ಹಚ್ಚಿಸಿ, ಕೇಳಿದರು: "ಏನ ಮಾಡಕೊಂಡೀರಿ?"

"ಬ್ಯಾಂಕಿನ್ಯಾಗ ಆಫೀಸರ್ ಇದ್ದೀನ್ರಿ" ಅಂದುಬಿಟ್ಟೆ.

ನಾನು ಕ್ಲರ್ಕ್. ಎಂ.ಕಾಂ. ಮಾಡಿದ ಕ್ಲರ್ಕ್. ಸೇವಿಂಗ್ಸ್ ಕೌಂಟರಿನಲ್ಲಿ ಕೂತು ಟೋಕನ್ ಕೊಡುವವನು. ಯಾಕೆ ಹಾಗೆ ಹೇಳಿದೆ ಎಂದು ಕೇಳಿದರೆ, ಹೂಪ್‌ಡ್ರೈವರ್ ಸಿಂಹ ಸಾಕಿದ್ದು ಯಾಕೋ ಅದಕ್ಕೇ ಎನ್ನಬೇಕು. ಒದ್ದೆ ಬಟ್ಟೆ, ಸುಲಿದ ಮೊಣಕಾಲು, ಯಾರಿಗೂ ನನ್ನ ಪರಿಚಯವಿಲ್ಲ. ಗದಗದಲ್ಲಾಗಿದ್ದರೆ ಆ ಮಾತು ಬಾಯಿಂದ ಹೊರಡುತ್ತಲೇ ಇರಲಿಲ್ಲ. ಅಲ್ಲಿ ನನ್ನಪ್ಪನ ಅಂಗಡಿ, ಸಾಲ, ನನ್ನ ಮಾರ್ಕು ಎಲ್ಲರಿಗೂ ಗೊತ್ತು.

ಮೂರು ತಿಂಗಳು ಆ ಸುಳ್ಳಿನ ಬಡ್ಡಿಯಲ್ಲಿ ಬದುಕಿದೆ. ಗಾಲಿ ರಿಪೇರಿ ಮಾಡಿಸಿಕೊಟ್ಟೆ, ದೀಪಾವಳಿಗೆ ಫರಾಳಕ್ಕೆ ಕರೆದರು, ಹೋದೆ. ಒಂದು ದಿನ ಕೌಂಟರಿನಲ್ಲಿ ತಲೆ ತಗ್ಗಿಸಿ ಲೆಡ್ಜರ್ ಬರೆಯುತ್ತಿದ್ದಾಗ ಎದುರಿಗೆ ಅವಳು. ಟೈಪಿಂಗ್ ಪರೀಕ್ಷೆಯ ಫೀ ಕಟ್ಟಲು ಡಿಮ್ಯಾಂಡ್ ಡ್ರಾಫ್ಟ್ ಬೇಕಾಗಿತ್ತಂತೆ. ನನ್ನನ್ನು ನೋಡಿದಳು, ನನ್ನ ಮುಂದಿನ ಹಿತ್ತಾಳೆ ಟೋಕನ್ನುಗಳನ್ನು ನೋಡಿದಳು.

"ಇಲ್ಲೆ ಒಬ್ಬರು ಆಫೀಸರ್ ಇದ್ದರಲ್ರೀ, ದೀಪ ಇಲ್ಲದವರು. ಅವರು ಎಲ್ಲೆ ಕೂಡ್ತಾರ?"

"ನಾ ಕ್ಲರ್ಕ್ ಇದ್ದೀನ್ರಿ" ಅಂದೆ.

"ಅದು ಕಾಣಸ್ಲಿಕತ್ತದ. ನಮ್ಮಪ್ಪಗ ನೀವ ಹೇಳ್ರಿ, ನಾ ಹೇಳೂದಿಲ್ಲ."

ಹೇಳಲು ನನಗೆ ಹನ್ನೊಂದು ದಿನ ಬೇಕಾಯಿತು. ಅವರು ಎಲ್ಲ ಕೇಳಿಕೊಂಡು, "ಕ್ಲರ್ಕ್ ಇರೂದು ತಪ್ಪಲ್ಲ. ಸೈಕಲ್ಲಿಗೆ ಒಂದು ದೀಪ ಹಾಕಿಸ್ರಿ ಮೊದಲ" ಅಂದರು. ಆಫೀಸರ್ ಆದದ್ದು ಆಮೇಲೆ, 1990ರಲ್ಲಿ, ಪರೀಕ್ಷೆ ಪಾಸಾಗಿ.

ಇಷ್ಟು ಹೇಳಿದ ಮೇಲೆ ವೆಲ್ಸ್‌ನ ಕಡೆಗೆ ಮತ್ತೆ ಬರಬಹುದು. ಅವನ ಕಥೆಯಲ್ಲಿ ಬೆಳದಿಂಗಳ ಓಟದಿಂದ ಪ್ರೇಮ ಹುಟ್ಟುತ್ತದೆ ಎಂದು ಮೇಲೆ ಮೇಲೆ ಓದಿದವರು ಹೇಳುತ್ತಾರೆ. ನನ್ನ ಪ್ರಕಾರ ಅಲ್ಲ. ಬೆಳದಿಂಗಳಲ್ಲಿ ಹುಟ್ಟಿದ್ದು ಹೂಪ್‌ಡ್ರೈವರ್‌ನ ಹಗಲುಗನಸು ಮಾತ್ರ. ಜೆಸ್ಸಿಗೆ ಅವನು ಒಬ್ಬ ವಿಚಿತ್ರ, ಒಳ್ಳೆಯ ಮನುಷ್ಯ, ಅಷ್ಟೇ. ನಿಜವಾದ ಸಂಬಂಧ ಶುರುವಾಗುವುದು ಅವನು ಒಂದು ದಿನ ಬಾಯಿ ಬಿಟ್ಟು, ತಾನು ಆಫ್ರಿಕಾದವನಲ್ಲ, ರಜೆಯ ಮೇಲಿರುವ ಬಟ್ಟೆ ಅಂಗಡಿಯ ಕೆಲಸಗಾರ ಎಂದು ಒಪ್ಪಿಕೊಂಡಾಗ. ಯಾರೂ ಅವನನ್ನು ಹಿಡಿದಿರಲಿಲ್ಲ. ಇನ್ನೂ ಕೆಲವು ದಿನ ಸಿಂಹ ಸಾಕುತ್ತ ಇರಬಹುದಿತ್ತು. ಕೈಯಲ್ಲಿ ದುಡ್ಡು ಕರಗುತ್ತಿತ್ತು ನಿಜ. ಪಟ್ನಿಯ ಅಂಚೆ ಉಳಿತಾಯ ಖಾತೆಯಲ್ಲಿ ಹಣವಿದೆ, ಆದರೆ ಪಾಸ್‌ಬುಕ್ ಅಂಗಡಿಯ ಕೋಣೆಯ ಪೆಟ್ಟಿಗೆಯೊಳಗೆ ಬೀಗ ಹಾಕಿದೆ ಎಂಬ ವಿವರವನ್ನು ವೆಲ್ಸ್ ಮರೆಯದೆ ಕೊಡುತ್ತಾನೆ. ಪ್ರೇಮಕಥೆಯಲ್ಲಿ ಪಾಸ್‌ಬುಕ್ ತರುವ ಲೇಖಕನನ್ನು ನಾನು ನಂಬುತ್ತೇನೆ. ಆದರೂ ಅವನು ಬಾಯಿ ಬಿಟ್ಟದ್ದು ದುಡ್ಡಿಗಾಗಿ ಅಲ್ಲ. ಅವಳು ತನ್ನನ್ನು ಗೌರವಿಸುತ್ತಿದ್ದಾಳೆ, ಆ ಗೌರವ ತನ್ನ ವಿಳಾಸಕ್ಕೆ ಬಂದದ್ದಲ್ಲ ಎಂಬ ಸಂಕಟ ತಡೆಯಲಾಗಲಿಲ್ಲ. ಆಮೇಲೆ ಅವರಿಬ್ಬರ ಮಾತಿನ ಧಾಟಿಯೇ ಬದಲಾಗುತ್ತದೆ. ಅವಳು ಅಂಗಡಿಯ ಜೀವನ ಹೇಗಿರುತ್ತದೆಂದು ಕೇಳುತ್ತಾಳೆ. ಅವನು ಇನ್ನೂ ಓದಬಹುದು, ಬೇರೆ ಏನಾದರೂ ಆಗಬಹುದು ಎಂಬ ಮಾತು ಬರುತ್ತದೆ. ಸುಳ್ಳಿನಲ್ಲಿ ದಕ್ಷಿಣ ಆಫ್ರಿಕಾದಷ್ಟು ಜಾಗ ಇದ್ದರೂ ಮುಂದೆ ಹೋಗಲು ದಾರಿ ಇರಲಿಲ್ಲ.

ನನಗೂ ಅವನಿಗೂ ವ್ಯತ್ಯಾಸ ಇಷ್ಟೇ. ಅವನು ತಾನೇ ಒಪ್ಪಿಕೊಂಡ, ನಾನು ಸಿಕ್ಕಿಬಿದ್ದೆ. ಬಟ್ಟೆ ಅಂಗಡಿಯ ಆ ಹುಡುಗ ನನಗಿಂತ ಮೇಲು.

ಇಲ್ಲಿ ನಮ್ಮವರ ಬರವಣಿಗೆಯ ಮೇಲೆ ಒಂದು ತಕರಾರು ಇದೆ. ಮುಂಬಯಿ, ಪುಣೆ, ಹೈದರಾಬಾದು, ದಿಲ್ಲಿ, ಎಲ್ಲ ಕಡೆಯ ಕನ್ನಡಿಗರ ನೆನಪಿನ ಬರಹಗಳನ್ನು ಸ್ಮರಣ ಸಂಚಿಕೆಗಳಲ್ಲಿ ಓದುತ್ತ ಬಂದಿದ್ದೇನೆ. ಕಷ್ಟ ಇರುತ್ತದೆ: ಖೋಲಿ, ನೀರಿನ ಸಾಲು, ಬಾರದ ಭಾಷೆ, ಬಾಯಿಗೆ ಸೇರದ ಊಟ. ಕೊನೆಗೆ ಜಯ ಇರುತ್ತದೆ: ಮನೆ, ಮಕ್ಕಳ ಓದು, ಸಂಘದ ಕಟ್ಟಡ. ನಡುವೆ ನಾವು ಹೇಳಿದ ಸುಳ್ಳುಗಳು ಇರುವುದಿಲ್ಲ. ಊರಿಗೆ ಬರೆದ ಕಾಗದಗಳಲ್ಲಿ "ನಾನಿಲ್ಲಿ ಕ್ಷೇಮ" ಎಂದು ಬರೆದದ್ದು, ಹೊಟೇಲಿನಲ್ಲಿ ಗಲ್ಲಾಕ್ಕೆ ಕೂತೆ ಎಂದು ಹೇಳಿ ಒಳಗೆ ತಟ್ಟೆ ತೊಳೆದದ್ದು, ಕ್ಲರ್ಕ್ ಇದ್ದಾಗ ಆಫೀಸರ್ ಅಂದದ್ದು. ವಲಸೆ ಹೋದವರೆಲ್ಲ ಎರಡು ಲೆಡ್ಜರ್ ಇಟ್ಟಿರುತ್ತಾರೆ, ಒಂದು ಊರಿಗೆ, ಒಂದು ಇಲ್ಲಿಗೆ. ಎರಡನ್ನೂ ಎದುರುಬದುರು ಇಟ್ಟು ತಾಳೆ ನೋಡಿದ ಬರಹ ನಮ್ಮಲ್ಲಿ ಕಡಿಮೆ. ವೆಲ್ಸ್ ನೋಡಿದ್ದಾನೆ. ಅವಮಾನ ಮಾಡದೆ, ಕನಿಕರದ ಸೋಗಿಲ್ಲದೆ ನೋಡಿದ್ದಾನೆ. ಅದಕ್ಕೇ ನೂರಾ ಇಪ್ಪತ್ತಕ್ಕೂ ಹೆಚ್ಚು ವರ್ಷದ ಈ ಪುಸ್ತಕ ನನಗೆ ಹೊಸದು.

ದೋಷಗಳಿಲ್ಲವೆಂದಲ್ಲ. ಬೆಶಾಮೆಲ್ ನಾಟಕ ಕಂಪನಿಯ ಖಳನಾಯಕ. ಮೀಸೆ ತಿರುವುವುದೊಂದು ಬಾಕಿ. ಮಲತಾಯಿ ತನ್ನ ಮೂವರು ಅಭಿಮಾನಿ ಗಂಡಸರನ್ನು ಕಟ್ಟಿಕೊಂಡು ರೈಲು, ಕುದುರೆಗಾಡಿ, ಜೋಡಿ ಸೈಕಲ್ ಹತ್ತಿ ಬೆನ್ನಟ್ಟುವ ಅಧ್ಯಾಯಗಳು ಮೊದಲ ಸಲ ನಗು ತರಿಸುತ್ತವೆ, ಎರಡನೆಯ ಓದಿಗೆ ಉದ್ದ ಅನ್ನಿಸುತ್ತವೆ. ಲೇಖಕ ಪದೇ ಪದೇ ನಡುವೆ ಬಂದು ನಮ್ಮ ಭುಜ ತಟ್ಟುತ್ತಾನೆ. ಅದೂ ಆ ಕಾಲದ ಚಾಳಿ.

ಕೊನೆ ಮಾತ್ರ ಗಟ್ಟಿಯಾಗಿದೆ. ನ್ಯೂ ಫಾರೆಸ್ಟ್ ಎಂಬ ಕಾಡಿನ ಸೀಮೆಯಲ್ಲಿ ಬೆನ್ನಟ್ಟಿದವರು ಇವರನ್ನು ಹಿಡಿಯುತ್ತಾರೆ. ಮದುವೆ ಇಲ್ಲ, ಓಡಿಹೋಗುವುದೂ ಇಲ್ಲ. ಪುಸ್ತಕ ಕಳಿಸುತ್ತೇನೆ ಎಂದು ಅವಳು ಹೇಳುತ್ತಾಳೆ. ಕೆಲವು ವರ್ಷಗಳಲ್ಲಿ ಒಬ್ಬ ಮನುಷ್ಯ ಏನಾದರೂ ಆಗಬಹುದು ಎಂಬ ಆಸೆ ಹೊತ್ತು ಅವನು ಪಟ್ನಿಗೆ ಮರಳುತ್ತಾನೆ. ಮುಂದೇನಾಯಿತೆಂದು ಲೇಖಕ ಹೇಳುವುದಿಲ್ಲ. ನಾನು ಇದನ್ನು ಧೈರ್ಯವೆಂದು ಮೆಚ್ಚಿ, ಹೀಗೆಯೇ ಬರೆದು ಈ ಲೇಖನ ಮುಗಿಸಿದ್ದೆ. ಮುಗಿಸಿ ಹೆಂಡತಿಗೆ ಓದಲು ಕೊಟ್ಟೆ. ಅವಳು ಲೇಖನವನ್ನಷ್ಟೇ ಅಲ್ಲ, ಕಾದಂಬರಿಯನ್ನೂ ಓದಿದಳು. ನಾಲ್ಕು ದಿನ ಹಿಡಿಯಿತು.

"ಆ ಹುಡುಗಿ ಮುಂದ ಏನಾದ್ಲು?" ಅಂತ ಕೇಳಿದಳು.

ಲೇಖಕ ಹೇಳಿಲ್ಲ ಎಂದೆ.

"ಅಂವಗರೆ ಪುಸ್ತಕ ಬರ್ತಾವ, ಆಸೆ ಅದ. ಅಕೀಗೆ? ಮನೀಗೆ ಕರಕೊಂಡು ಹೋದ್ರು. ಸೈಕಲ್ ಮತ್ತ ಕೊಟ್ರೋ ಇಲ್ಲೋ?"

ನನಗೆ ಉತ್ತರ ಹೊಳೆಯಲಿಲ್ಲ. ಆಗ ಅವಳು ನಲವತ್ತು ವರ್ಷದಲ್ಲಿ ಒಮ್ಮೆಯೂ ಹೇಳದ ಮಾತು ಹೇಳಿದಳು. ಆ ರಾತ್ರಿ ನಾನು ಅರಿಷಿಣ ಹಚ್ಚಿಸಿಕೊಂಡು, ಆಫೀಸರ್ ಅಂತ ಹೇಳಿ, ಹೊರಟುಹೋದ ಮೇಲೆ ಅವರ ತಂದೆ, ಕತ್ತಲಾದ ಮೇಲೆ ಇನ್ನು ಸೈಕಲ್ ಇಲ್ಲ, ಸಂಜೆಯ ಟೈಪಿಂಗ್ ಕ್ಲಾಸೂ ಇಲ್ಲ ಎಂದುಬಿಟ್ಟರಂತೆ. ಬೆಳಗಿನ ಬ್ಯಾಚಿನಲ್ಲಿ ಜಾಗ ಸಿಗಲು ಎರಡು ತಿಂಗಳು ಹೋಯಿತು. ಆ ಸಲದ ಪರೀಕ್ಷೆ ತಪ್ಪಿತು. ಅವಳು ಡ್ರಾಫ್ಟ್ ಮಾಡಿಸಲು ಬಂದದ್ದು ಮುಂದಿನ ಸಲದ ಪರೀಕ್ಷೆಗೆ. ಅಷ್ಟರಲ್ಲಿ ಅವಳ ಗೆಳತಿಯರಿಬ್ಬರು ಪಾಸಾಗಿ ಕೆಲಸಕ್ಕೆ ಸೇರಿದ್ದರು. ನಾನು ಪ್ರೇಮ ಶುರುವಾಯಿತೆಂದು ಹೇಳುವ ರಾತ್ರಿ ಅವಳ ಲೆಕ್ಕದಲ್ಲಿ ಸೈಕಲ್ ಹೋದ ರಾತ್ರಿ. ತಪ್ಪು ನನ್ನದು, ದೀಪವಿಲ್ಲದವನು ನಾನು. ದಂಡ ಕಟ್ಟಿದವಳು ಅವಳು. ಚಪ್ಪಾಳೆಯ ಹೊತ್ತಿಗೆ ಅವಳು ಎದ್ದು ಹೋಗುತ್ತಿದ್ದುದು ನಾಚಿಕೆಯಿಂದಲ್ಲ.

ಹಾಗಾಗಿ ಕಾದಂಬರಿಯನ್ನು ಮತ್ತೊಮ್ಮೆ, ಜೆಸ್ಸಿಯ ಕಡೆಯಿಂದ ಓದಿದೆ. ಮನೆ ಬಿಟ್ಟ ಹುಡುಗಿ ತಾನು ಹೇಗೆ ದುಡಿದು ತಿನ್ನಬೇಕು ಎಂದು ಕೇಳುವ ಮಾತು ಪುಸ್ತಕದಲ್ಲಿದೆ. ಆ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿಲ್ಲ, ಹೂಪ್‌ಡ್ರೈವರ್ ಬಳಿಯೂ ಇಲ್ಲ. ವೆಲ್ಸ್ ಅದನ್ನು ಎತ್ತುತ್ತಾನೆ, ಆಮೇಲೆ ಕೆಳಗಿಟ್ಟು ಗುಮಾಸ್ತನ ಜೊತೆ ಪಟ್ನಿಗೆ ಹೋಗಿಬಿಡುತ್ತಾನೆ. ಕೌಂಟರಿನ ಹಿಂದೆ ನಿಂತವನ ನೋವು ಅವನಿಗೆ ಮೈಯಲ್ಲಿ ಗೊತ್ತಿತ್ತು. ಸರ್ಬಿಟನ್ನಿನ ಮನೆಗೆ ವಾಪಸು ಹೋದ ಹುಡುಗಿಯದು ಗೊತ್ತಿರಲಿಲ್ಲ, ಅಥವಾ ಗೊತ್ತು ಮಾಡಿಕೊಳ್ಳುವ ಗೋಜಿಗೆ ಹೋಗಲಿಲ್ಲ. ನಾನು ಧೈರ್ಯ ಎಂದು ಮೆಚ್ಚಿದ ಕೊನೆ ಅವನ ಪಾಲಿಗೆ ಧೈರ್ಯ, ಅವಳ ಪಾಲಿಗೆ ಖಾಲಿ ಪುಟ. ಪುಸ್ತಕದ ದೊಡ್ಡ ಕೊರತೆ ಇದು. ಮೊದಲ ಓದಿನಲ್ಲಿ ನನಗೆ ಇದು ಕಾಣಲಿಲ್ಲ ಎಂಬುದನ್ನೂ ಇಲ್ಲಿಯೇ ದಾಖಲಿಸುತ್ತೇನೆ.

ಆದರೂ ಓದಿ. ವೆಲ್ಸ್ ತೀರಿಕೊಂಡದ್ದು 1946ರಲ್ಲಿ. ನಮ್ಮ ದೇಶದ ಕಾಯದೆಯಂತೆ ಲೇಖಕ ತೀರಿದ ಅರವತ್ತು ವರ್ಷಕ್ಕೆ ಹಕ್ಕು ಮುಗಿಯುತ್ತದೆ, ಹಾಗಾಗಿ 2007ರಿಂದ ಇದನ್ನು ಯಾರು ಬೇಕಾದರೂ ಅನುವಾದಿಸಬಹುದು, ಅಚ್ಚು ಹಾಕಬಹುದು. ಹೂಪ್‌ಡ್ರೈವರ್‌ಗೆ ತನ್ನ ಮಾತಿನ ಧಾಟಿಯ ಬಗ್ಗೆಯೇ ನಾಚಿಕೆ. ದೊಡ್ಡವರ ಮುಂದೆ ನಾಲಿಗೆ ತಡವರಿಸುತ್ತದೆ. ಅವನನ್ನು ಕನ್ನಡಕ್ಕೆ ತರುವವರು ಪುಸ್ತಕದ ಕನ್ನಡದಲ್ಲಿ ತರಬೇಡಿ. ನಮ್ಮ ಗದಗ, ಹುಬ್ಬಳ್ಳಿ ಕಡೆಯ ಮಾತು ಆಡಿಸಿ. ಪುಣೆಯ ಶುದ್ಧ ಮರಾಠಿಯ ಮುಂದೆ ನಾವು ಹೇಗೆ ಮುದುಡಿ ಮಾತಾಡುತ್ತಿದ್ದೆವೋ ಹಾಗೆ.

ಈ ಸಲದ ಯುಗಾದಿಯ ಕೂಟದಲ್ಲಿ ಯಾರೋ ಎಂದಿನಂತೆ ಆ ಸೈಕಲ್ಲಿನ ಕಥೆ ಹೇಳಿ ಎಂದರು. ಈ ಸಲ ಅವಳೇ ಹೇಳಲಿ ಎಂದೆ. ಅವಳು ಎದ್ದು ಹೋಗಲಿಲ್ಲ. ಟೈಪಿಂಗ್ ಕ್ಲಾಸಿನಿಂದ ಶುರು ಮಾಡಿದಳು.